ಅರ್ಧ ಬಿಟ್ಟ ಗದ್ದುಗೆ

2009ರ ಗಣರಾಜ್ಯೋತ್ಸವದಂದು ದೆಹಲಿಯ ರಾಜಪಥದಲ್ಲಿ ಮುಖ್ಯ ಅತಿಥಿಯಾಗಿದ್ದವರು ಕಝಾಕಿಸ್ತಾನದ ಅಧ್ಯಕ್ಷ ನೂರ್‌ಸುಲ್ತಾನ್ ನಜರ್ಬಾಯೆವ್. 2022ರಲ್ಲಿ ಮಧ್ಯ ಏಷ್ಯಾದ ಐದೂ ಅಧ್ಯಕ್ಷರನ್ನು ಅದೇ ಉತ್ಸವಕ್ಕೆ ಕರೆಸುವ ಯೋಜನೆ ಕೋವಿಡ್‌ನಿಂದ ಕೈಬಿಟ್ಟುಹೋಗಿ, ಜನವರಿ 27ರಂದು ಆನ್‌ಲೈನ್ ಶೃಂಗಸಭೆ ನಡೆದಾಗ ಕಝಾಕಿಸ್ತಾನದ ಪರವಾಗಿ ಮಾತನಾಡಿದವರು ಕಾಸಿಮ್-ಜೊಮಾರ್ತ್ ತೊಕಾಯೆವ್. ಅವರು ಅಧ್ಯಕ್ಷರಾಗಿ ಆಗ ಮೂರು ವರ್ಷ ತುಂಬುತ್ತ ಬಂದಿತ್ತು. ಅಧಿಕಾರ ಪೂರ್ತಿ ಕೈಸೇರಿ ಮೂರು ವಾರವಷ್ಟೇ ಕಳೆದಿತ್ತು.

ಸೋವಿಯತ್ ಕಾಲದಿಂದಲೂ ಆಳುತ್ತ ಬಂದಿದ್ದ ನಜರ್ಬಾಯೆವ್ 2019ರ ಮಾರ್ಚ್ 19ರಂದು ರಾಜೀನಾಮೆ ಕೊಟ್ಟರಾದರೂ, ಸೇನೆ ಮತ್ತು ಗುಪ್ತಚರ ವ್ಯವಸ್ಥೆಯ ಮೇಲೆ ಹಿಡಿತವಿದ್ದ ಭದ್ರತಾ ಮಂಡಳಿಯ ಅಧ್ಯಕ್ಷತೆಯನ್ನೂ ಆಳುವ ಪಕ್ಷದ ನಾಯಕತ್ವವನ್ನೂ, ‘ಎಲ್ಬಾಸಿ’ ಅಂದರೆ ರಾಷ್ಟ್ರನಾಯಕ ಎಂಬ ಕಾನೂನುಬದ್ಧ ಬಿರುದನ್ನೂ ತಮ್ಮಲ್ಲೇ ಉಳಿಸಿಕೊಂಡರು. ಮಗಳು ದಾರಿಗಾ ಸೆನೆಟ್ಟಿನ, ಅಂದರೆ ಸಂಸತ್ತಿನ ಮೇಲ್ಮನೆಯ, ಅಧ್ಯಕ್ಷೆಯಾದರು. ರಾಜಧಾನಿ ಅಸ್ತಾನಾಕ್ಕೆ ನಜರ್ಬಾಯೆವರದೇ ಹೆಸರು ಬಂತು. ಉತ್ತರಾಧಿಕಾರಿಯನ್ನು ಹಿಂದಿನವರೇ ಆರಿಸಿ ಕೂರಿಸಿದಾಗ ಬದಲಾಗುವುದು ರುಜು ಮಾತ್ರ. 2024ರ ಸೆಪ್ಟೆಂಬರಿನಲ್ಲಿ ದೆಹಲಿಯ ಮುಖ್ಯಮಂತ್ರಿಯಾದ ಆತಿಶಿ, ಭರತನ ಪಾದುಕಾ ಪಟ್ಟಾಭಿಷೇಕವನ್ನು ನೆನೆದು ಅರವಿಂದ ಕೇಜ್ರಿವಾಲರ ಕುರ್ಚಿಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಕೂತರು. ಅಲ್ಲಿ ಐದು ತಿಂಗಳೊಳಗೆ ಮತದಾರರು ಮಧ್ಯೆ ಬಂದು ಪಕ್ಷವನ್ನೇ ಇಳಿಸಿದರು. ಕಝಾಕಿಸ್ತಾನದ ಮತಪೆಟ್ಟಿಗೆಗೆ ಅಂಥ ಶಕ್ತಿ ಎಂದೂ ಇರಲಿಲ್ಲ.

ಆದ್ದರಿಂದ ಅಲ್ಲಿ ನಿರ್ಣಯವಾದದ್ದು ಬೀದಿಯಲ್ಲಿ. 2022ರ ಜನವರಿ 2ರಂದು ತೈಲನಗರಿ ಝಾನಾಓಝೆನ್‌ನಲ್ಲಿ ವಾಹನಗಳ ಎಲ್‌ಪಿಜಿ ಬೆಲೆಯೇರಿಕೆಯ ವಿರುದ್ಧ ಎದ್ದ ಪ್ರತಿಭಟನೆ ಅಲ್ಮಾಟಿ ನಗರವನ್ನು ಹೊತ್ತಿಸಿ ಇನ್ನೂರಕ್ಕೂ ಹೆಚ್ಚು ಜನರ ಸಾವಿನಲ್ಲಿ ಮುಗಿಯಿತು. ಜನರು ‘ಮುದುಕಾ, ತೊಲಗು’ ಎಂದು ಕೂಗಿದ್ದು ನಜರ್ಬಾಯೆವರನ್ನು ಉದ್ದೇಶಿಸಿ. ಅದರ ಫಲ ಉಂಡವರು ತೊಕಾಯೆವ್. ಜನವರಿ 5ರಂದು ಭದ್ರತಾ ಮಂಡಳಿಯನ್ನು ವಶಕ್ಕೆ ತೆಗೆದುಕೊಂಡ ಅವರು, ರಷ್ಯಾ ನೇತೃತ್ವದ ಸೇನಾ ಒಕ್ಕೂಟದ ಪಡೆಗಳನ್ನು ಕರೆಸಿಕೊಂಡು, ಪ್ರತಿಭಟನಕಾರರ ಮೇಲೆ ಎಚ್ಚರಿಕೆಯಿಲ್ಲದೆ ಗುಂಡು ಹಾರಿಸುವ ಆದೇಶವನ್ನೂ ಹೊರಡಿಸಿದರು.

ಶೃಂಗಸಭೆಯಲ್ಲಿ ಪ್ರಧಾನಿ ಮೋದಿ ಜೀವಹಾನಿಗೆ ಸಂತಾಪ ಸೂಚಿಸಿ ಮುಂದಿನ ವಿಷಯಕ್ಕೆ ಹೋದರು. ಜಗತ್ತಿನಲ್ಲೇ ಅತಿ ಹೆಚ್ಚು ಯುರೇನಿಯಂ ಉತ್ಪಾದಿಸುವ ದೇಶ ಕಝಾಕಿಸ್ತಾನ. 2015ರ ಒಪ್ಪಂದದಲ್ಲಿ ಭಾರತಕ್ಕೆ 5,000 ಟನ್ ಪೂರೈಸಲು ಅದು ಒಪ್ಪಿತ್ತು. ದೆಹಲಿಯ ಮಿತಭಾಷೆಯನ್ನು ವ್ಯವಹಾರಜ್ಞಾನವೆನ್ನಬಹುದು, ಆದರೆ ಇಬ್ಬರು ಅಧ್ಯಕ್ಷರ ನಡುವಿನ ವ್ಯತ್ಯಾಸವನ್ನು ಅದು ಗುರುತಿಸಿತೆನ್ನಲು ಆಧಾರ ಸಾಲದು. ಆ ವರ್ಷದ ಜೂನ್ ಜನಮತಗಣನೆ ನಜರ್ಬಾಯೆವರ ವಿಶೇಷ ಸ್ಥಾನವನ್ನು ಸಂವಿಧಾನದಿಂದ ತೆಗೆದುಹಾಕಿತು, ಸೆಪ್ಟೆಂಬರಿನಲ್ಲಿ ರಾಜಧಾನಿ ಮತ್ತೆ ಅಸ್ತಾನಾ ಆಯಿತು, ಅಧ್ಯಕ್ಷರಿಗೆ ಏಳು ವರ್ಷಗಳ ಒಂದೇ ಅವಧಿ ಎಂಬ ನಿಯಮವೂ ಬಂತು. ಆ ನಿಯಮದಡಿ ನವೆಂಬರಿನಲ್ಲಿ ಶೇ 81ರಷ್ಟು ಮತ ಪಡೆದು ಗೆದ್ದವರು, ಅದಕ್ಕೂ ಮುನ್ನ ಮೂರು ವರ್ಷ ಆಳಿ ಮುಗಿಸಿದ್ದ ತೊಕಾಯೆವರೇ.