ಒಂದು ಬಾಗಿಲಿಗಾಗಿ ಊರ ಬಾಗಿಲೆಲ್ಲ ತೆಗೀಬೇಕಾ?

ರಜೆ ಅರ್ಜಿಯ ಪುಟದಲ್ಲಿ ಲಾಗಿನ್ ಆಗ್ತಿಲ್ಲ ಅಂದ್ರೆ ಆಫೀಸಿನ ಐಟಿಯವರದ್ದು ಒಂದೇ ಮಂತ್ರ: "ಥರ್ಡ್ ಪಾರ್ಟಿ ಕುಕಿ ಎಲ್ಲಾ ಆನ್ ಮಾಡ್ಕೊಳ್ಳಿ." ನನಗೆ ಮೈ ಉರಿಯೋದು ಇಲ್ಲೇ!

ಈ ಕುಕಿ ನೀವು ನೋಡ್ತಿರೋ ತಾಣದ್ದಲ್ಲ, ಅದರೊಳಗೆ ಬಂದು ಕೂತ ಬೇರೆಯವರದ್ದು. ಲಾಗಿನ್ ಸೇವೆಗೂ ಅದು ಬೇಕಾಗಬಹುದು. ಜಾಹೀರಾತಿನವರು ನಮ್ಮನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸೋದೂ ಅದರಿಂದಲೇ. ಒಬ್ಬರಿಗೆ ಬೇಕು ಅಂತ ಎಲ್ಲರನ್ನೂ ಒಳಗೆ ಬಿಡೋದು ಯಾವ ನ್ಯಾಯ?

ಸಫಾರಿ 2020ರಲ್ಲೇ ಇವನ್ನು ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣದ ಕುಕಿಗೂ ಬೇರೆ ಬೇರೆ ಡಬ್ಬಿ ಮಾಡಿತು. ಕ್ರೋಮ್ ಮಾತ್ರ 2020ರಲ್ಲಿ "ತೆಗೀತೀವಿ" ಅಂದು, 2024ರಲ್ಲಿ ಕೈಬಿಟ್ಟಿತು. ಹಾಗಾಗಿ ಅಲ್ಲಿ ಹೊಣೆ ಆಫೀಸಿನದ್ದೇ. ದಾರಿಯೂ ಇದೆ: 'ಬ್ಲಾಕ್ ಥರ್ಡ್ ಪಾರ್ಟಿ ಕುಕೀಸ್' ಪಾಲಿಸಿಯಿಂದ ಎಲ್ಲವನ್ನೂ ತಡೆದು, 'ಕುಕೀಸ್ ಅಲೋಡ್ ಫಾರ್ ಯುಆರ್‌ಎಲ್ಸ್' ಪಟ್ಟಿಗೆ ಬೇಕಾದ ವಿಳಾಸವನ್ನಷ್ಟೇ ಸೇರಿಸಿದರಾಯ್ತು.

"ಮಷೀನು ಆಫೀಸಿನದು, ನಿಮಗೇನು ಕಷ್ಟ?" ಅಂತಾರೆ. ಮಷೀನು ಆಫೀಸಿನದೇ ಸ್ವಾಮಿ, ಅದರ ಮುಂದೆ ದಿನವಿಡೀ ಕೂರೋರು ನಾವು! ಒಂದು ಸಾಲು ಬರೆಯೋ ಸೋಮಾರಿತನಕ್ಕೆ ನೂರಾರು ಜನರ ಖಾಸಗಿತನ ಯಾಕೆ ಬಲಿಯಾಗಬೇಕು?

ಇನ್ಮೇಲೆ ಯಾರಾದ್ರೂ "ಎಲ್ಲಾ ಆನ್ ಮಾಡಿ" ಅಂದ್ರೆ, "ಯಾವ ವಿಳಾಸಕ್ಕೆ?" ಅಂತ ಕೇಳಿ. ಏನಂತೀರಾ ಗೆಳೆಯರೇ?