ನಳ ಯಾರು ತರಬೇಕು?

ಸೋದರಿಯರೇ, ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ನೋಡುತ್ತೇವೆ. ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡುತ್ತೇವೆ. ಆದರೆ ಹದಿನೈದು ಇಪ್ಪತ್ತು ವರ್ಷ ಬಾಳಬೇಕಾದ ಬಚ್ಚಲಮನೆಯ ಸಾಮಾನಿನ ಮಾತು ಬಂದಾಗ ಮಾತ್ರ "ನೀನೇ ತಂದು ಹಚ್ಚಿಬಿಡಪ್ಪಾ" ಎಂದು ಪ್ಲಂಬರನ ಕೈಗೆ ದುಡ್ಡು ಕೊಟ್ಟು ಸುಮ್ಮನಾಗುತ್ತೇವೆ. ಇಲ್ಲವೇ ಅವನ ಮೇಲೆ ಸಂಶಯ ಬಂದು ಎಲ್ಲವನ್ನೂ ನಾವೇ ತಂದು ರಾಶಿ ಹಾಕುತ್ತೇವೆ. ಕಳ್ಳಕವಟಗಿಯ ನಮ್ಮ ಮನೆತನದಲ್ಲಿ ಎರಡೂ ಆಗಿವೆ.

ಮೊದಲನೆಯದು ನನ್ನ ನೆಗೆಣ್ಣಿಯ ಮನೆಯಲ್ಲಿ. ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಬಚ್ಚಲಮನೆ ಹೊಸದು ಮಾಡಿಸಿದಳು. ಸಾಮಾನೆಲ್ಲ ಪ್ಲಂಬರನೇ ತಂದ. ಕನ್ನಡಿಯಂತೆ ಹೊಳೆಯುವ ನಳಗಳು! ಮರುವರ್ಷದ ದ್ರಾಕ್ಷಿ ಕೊಯ್ಲು ಮುಗಿಯುವಷ್ಟರಲ್ಲಿ ಹೊಳಪು ಹೋಗಿ ಚಕ್ಕೆ ಎದ್ದವು, ಒಂದರ ಹಿಡಿಕೆ ಕೈಗೇ ಬಂತು. ಕಂಪನಿಯ ಗ್ಯಾರಂಟಿ ಕೇಳೋಣವೆಂದರೆ ಬಿಲ್ಲೇ ಇಲ್ಲ.

ಎರಡನೆಯದು ನನ್ನದೇ ಜಾಣತನದ ಕಥೆ. ನಮ್ಮ ಅತ್ತೆಯವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಇನ್ನು ಕುಕ್ಕರುಗಾಲಲ್ಲಿ ಕೂಡಬಾರದು ಎಂದು ಡಾಕ್ಟರರು ಹೇಳಿದ್ದರು. ನೆಗೆಣ್ಣಿಯ ಪಾಡು ನೋಡಿದ್ದೆನಲ್ಲ, ನಾನೇ ತಿಕೋಟಾ ದಾಟಿ ವಿಜಯಪುರಕ್ಕೆ ಹೋಗಿ, ನಾಲ್ಕು ಅಂಗಡಿ ತಿರುಗಿ, ಚೌಕಾಸಿ ಮಾಡಿ ಕಮೋಡು ತಂದೆ. ಪ್ಲಂಬರ್ ಅದನ್ನು ಒಮ್ಮೆ ತಿರುಗಿಸಿ ನೋಡಿ, "ಅಕ್ಕಾರ, ಇದರ ಬಾಯಿ ಗ್ವಾಡಿ ಕಡೆ ಐತ್ರಿ, ನಿಮ್ಮ ಪೈಪ ನೆಲದಾಗ ಐತಿ. ತರೂಕಿಂತ ಮೊದಲ ಒಂದ ಮಾತ ಕೇಳಬಾರದೇನ್ರಿ?" ಎಂದ.

ನಾನು ತಂದದ್ದು 'ಪಿ' ಟ್ರ್ಯಾಪಿನದು, ಅಂದರೆ ಹೊಲಸು ಗೋಡೆಯ ಪೈಪಿಗೆ ಹೋಗುವಂಥದು. ನಮಗೆ ಬೇಕಿದ್ದದ್ದು ನೆಲಕ್ಕೆ ಇಳಿಯುವ 'ಎಸ್' ಟ್ರ್ಯಾಪು. ಬದಲಿಸಿ ತರಲು ಹತ್ತು ದಿನ ಹಿಡಿಯಿತು. ಟೆಂಪೋ ಬಾಡಿಗೆ ಎರಡು ಸಲ ಬಿತ್ತು. ಅದು ಹೋಗಲಿ. ಆ ಹತ್ತು ದಿನ ಅತ್ತೆಯವರು ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಳೆದರು. ಮಗ ಹೊಲಕ್ಕೆ ಹೋಗುವವರೆಗೆ ಎದ್ದೇಳುತ್ತಿರಲಿಲ್ಲ. ಮತ್ತೆ ಮತ್ತೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಇದು ನನಗೆ ತಿಳಿದದ್ದು ನಾಲ್ಕನೆಯ ದಿನ, ತುಂಬಿದ ತಂಬಿಗೆ ತುಂಬಿದಂತೆಯೇ ಇದ್ದುದನ್ನು ಕಂಡಾಗ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಾ? ನಾನು ಈಗ ಕೇಳಿದವರಿಗೆಲ್ಲ ಹೇಳುವುದು ಇಷ್ಟು. ಗೋಡೆ ಮತ್ತು ನೆಲದ ಒಳಗೆ ಹೋಗುವ ಪೈಪು, ಬೆಂಡು, ಟ್ರ್ಯಾಪು, ವಾಲ್ವು ಇವನ್ನು ಪ್ಲಂಬರನೇ ಆರಿಸಲಿ. ನಾಳೆ ಸೋರಿದರೆ ಟೈಲ್ಸ್ ಒಡೆಯುವವನೂ ಅವನೇ, ಹೊಣೆಯೂ ಅವನದೇ ಇರಲಿ. ಒಂದನ್ನು ಮಾತ್ರ ನೀವು ನೋಡಿಕೊಳ್ಳಿ. ಗೀಝರು ಅಥವಾ ಸೋಲಾರಿನ ಬಿಸಿನೀರು ಹರಿಯುವ ಕಡೆ ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಪೈಪಿನ ಮೈಮೇಲೆ ಹೆಸರೂ ಐಎಸ್‌ಐ ಗುರುತೂ ಅಚ್ಚಾಗಿರುತ್ತವೆ, ಗೋಡೆ ಮುಚ್ಚುವ ಮೊದಲೇ ಓದಿ.

ಕಣ್ಣಿಗೆ ಕಾಣುವ, ದಿನಾ ಕೈ ಹತ್ತುವ ನಳ, ಶವರು, ಕಮೋಡು, ಬೇಸಿನ್ನು ನೀವೇ ಕೊಳ್ಳಿ. ಆದರೆ ಅಂಗಡಿಗೆ ಹೋಗುವ ಮೊದಲು ಪ್ಲಂಬರನಿಂದ ಒಂದು ಚೀಟಿ ಬರೆಸಿಕೊಳ್ಳಿ. ಎಷ್ಟು ನಳ, ಯಾವ ಅಳತೆ, ಕಮೋಡಿಗೆ ಪಿ ಟ್ರ್ಯಾಪೋ ಎಸ್ ಟ್ರ್ಯಾಪೋ ಎಲ್ಲ ಅದರಲ್ಲಿರಲಿ. ಎಸ್ ಆದರೆ ಗೋಡೆಯಿಂದ ತೂತಿನ ನಡುವಿಗೆ ಎಷ್ಟು ಇಂಚು ಎಂಬುದೂ ಬೇಕು. 9 ಇಂಚಿನದೂ ಸಿಗುತ್ತದೆ, 12 ಇಂಚಿನದೂ ಸಿಗುತ್ತದೆ. ಅಳತೆ ಟೈಲ್ಸ್ ಹಚ್ಚಿದ ಮೇಲಿನ ಗೋಡೆಯಿಂದ ಹಿಡಿಯಬೇಕು, ಹಸಿ ಗೋಡೆಯಿಂದಲ್ಲ. ಫ್ಲಶ್ ಟಾಕಿ ಎರಡು ಗುಂಡಿಯದು ಕೇಳಿ. ಸಣ್ಣದಕ್ಕೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್ ನೀರು ಸಾಕು. ಹಳೆಯವು 10 ಲೀಟರ್ ಸುರಿಯುತ್ತಿದ್ದವು.

ನಳ ಪರೀಕ್ಷಿಸುವುದು ಕಷ್ಟವಲ್ಲ. ಕೈಯಲ್ಲಿ ತೂಗಿ ನೋಡಿ, ಹಿತ್ತಾಳೆ ಭಾರ ಇರುತ್ತದೆ. ಗೋಡೆಗೆ ತಿರುವುವ ತುದಿಯ ಒಳಗೆ ಇಣುಕಿ, ಮುಲಾಮು ಇಲ್ಲದ ಕಡೆ ಹಳದಿ ಕಾಣಬೇಕು. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ. ಅದು ಹತ್ತಿದರೆ ಕಬ್ಬಿಣವೆಂದು ಖಾತ್ರಿ, ಹತ್ತದಿದ್ದರೆ ಹಿತ್ತಾಳೆಯೇ ಎಂದಲ್ಲ. ಜಸ್ತಕ್ಕೂ ಅದು ಹತ್ತುವುದಿಲ್ಲ, ನೆಗೆಣ್ಣಿ ಮೋಸ ಹೋದದ್ದು ಅಲ್ಲೇ.

ಶವರಿನ ವಿಷಯದಲ್ಲಿ ಚಂದಕ್ಕೆ ಮರುಳಾಗಬೇಡಿ. ನೀರು ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್. ಮಾಳಿಗೆಯ ಟಾಕಿಯಿಂದ ನಮ್ಮ ಶವರಿಗೆ ಬರುವುದು ಎರಡು ಮೂರು ಮೀಟರಿನ ಒತ್ತಡ. ಊಟದ ತಾಟಿನಷ್ಟು ಅಗಲದ ಶವರಿಗೆ ಅದು ಸಾಲದು, ಹನಿ ಹನಿ ಬೀಳುತ್ತದೆ. ಎಷ್ಟು ಒತ್ತಡ ಬೇಕೆಂದು ಅಂಗಡಿಯಲ್ಲೇ ಕೇಳಿ. ವಿಜಯಪುರದ ಆದಿಲಶಾಹಿಗಳಿಗೆ ಇದರ ಉಲ್ಟಾ ಚಿಂತೆ ಇತ್ತು. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದರು. ಕೊಳವೆ ಒಡೆಯದಂತೆ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗೋಪುರ ಕಟ್ಟಿದರು. ಸಂತೆಗೆ ಹೋದಾಗ ಮಕ್ಕಳಿಗೆ ತೋರಿಸಿ.

ನಮ್ಮ ಕಡೆಯ ಬೋರಿನ ಗಡಸು ನೀರಿಗೆ ಎಂಥ ನಳವಾದರೂ ಬಿಳಿ ಪೊರೆ ಕಟ್ಟುತ್ತದೆ. ಆ್ಯಸಿಡ್ ಹಾಕಿ ತಿಕ್ಕಿದಿರೋ, ಮುಲಾಮು ಹೋಯಿತು. ಲಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಐದು ಹತ್ತು ನಿಮಿಷ ಬಿಟ್ಟು ತೊಳೆದು, ಒಣ ಅರಿವೆಯಿಂದ ಒರೆಸಿ.

ಕಮಿಷನ್ ಮಾತು ಬಂದೇ ಬರುತ್ತದೆ. ಕೆಲವು ಅಂಗಡಿಗಳವರು ಪ್ಲಂಬರುಗಳಿಗೆ ಕಮಿಷನ್ ಕೊಡುವುದು ಗುಟ್ಟೇನಲ್ಲ. ಅದಕ್ಕೆ ನಾನು ಸಿಟ್ಟಾಗುವುದಿಲ್ಲ, ಅವನ ಕೂಲಿಯನ್ನೇ ಮೊದಲು ಸರಿಯಾಗಿ ಮಾತಾಡಿಬಿಡುತ್ತೇನೆ. "ತಮ್ಮಾ, ಸಾಮಾನು ನಮ್ದು, ನಿನ್ನ ದಿನಾ ಕೆಡಿಸಿ ಅಂಗಡಿಗೆ ಬಂದ್ರ ಅದರ ಪಗಾರನೂ ಕೊಡ್ತೀನಿ" ಅಂದರೆ ಅವನ ಮುಖವೂ ಅರಳುತ್ತದೆ. ಬಿಲ್ಲು ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ, ಗ್ಯಾರಂಟಿ ಚೀಟಿಯ ಜೊತೆ ರೇಷನ್ ಕಾರ್ಡಿನ ಚೀಲದಲ್ಲಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಸಾಮಾನು ಎಲ್ಲಿಯೇ ಕೊಂಡಿರಿ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 1915ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಎರಡನೆಯ ಸಲ ಕಮೋಡು ಬಂದಾಗ ಅದರ ಪಕ್ಕಕ್ಕೆ ಹಿಡಿದು ಏಳಲು ಒಂದು ಸ್ಟೀಲಿನ ಹಿಡಿಕೆಯನ್ನೂ ತಂದಿದ್ದೆ. ಎಷ್ಟು ಎತ್ತರಕ್ಕೆ ಹಚ್ಚಬೇಕು ಎಂದು ಪ್ಲಂಬರ್ ಕೇಳಿದ. ನನಗೂ ಗೊತ್ತಿರಲಿಲ್ಲ. ಅತ್ತೆಯವರನ್ನೇ ಕರೆದು, ಸೀರೆಯುಟ್ಟಂತೆಯೇ ಕಮೋಡಿನ ಮೇಲೆ ಕೂಡಿಸಿ, ಕೈ ಚಾಚಲು ಹೇಳಿದೆವು. ಅವರು ನಾಚಿ ನಗುತ್ತ ಕೈ ಇಟ್ಟ ಜಾಗಕ್ಕೆ ಆತ ಪೆನ್ಸಿಲ್ಲಿನಿಂದ ಗೆರೆ ಎಳೆದ.