ಸುಸ್ತು ಯಾರಿಗೆ, ಅವನಿಗಾ ನಮಗಾ?

ರಾತ್ರಿ ಹನ್ನೊಂದಕ್ಕೆ ಕೊನೇ ಕಾಲ್ ಮುಗಿಸಿ, ಹೊಸ ಸರ್ವೈವಲ್ ಗೇಮ್ ಒಂದನ್ನ ಹಾಕಿಕೊಂಡು ಕೂತೆ. ಹೀರೋ ಕಟ್ಟುಮಸ್ತಾದ ಆಳು. ಓಡಿಸಿದೆ. ಹತ್ತು ಸೆಕೆಂಡಿಗೆ ಸ್ಟ್ಯಾಮಿನಾ ಬಾರ್ ಖಾಲಿ, ಏದುಸಿರು ಬಿಡುತ್ತಾ ನಿಂತುಬಿಟ್ಟ. ಸುತ್ತ ಹುಲಿಯಿಲ್ಲ, ಕಳ್ಳರಿಲ್ಲ, ಬರೀ ಹುಲ್ಲು. ಲಿಫ್ಟ್ ಕೆಟ್ಟ ದಿನ ಮೂರು ಮಹಡಿ ಹತ್ತುವ ನಾನೇ ಇವನಿಗಿಂತ ವಾಸಿ ಅನ್ನಿಸಿತು.

ಇದೇನ್ರೀ ಅಂತ ಕೇಳಿದರೆ ರೆಡಿಮೇಡ್ ಉತ್ತರ ಒಂದಿದೆ: ರಿಯಲಿಸಂ. ಯಾವ ರಿಯಲಿಸಂ ಸ್ವಾಮಿ? ದಣಿದ ಮನುಷ್ಯ ಸ್ವಿಚ್ ಆರಿಸಿದ ಹಾಗೆ ನಿಲ್ಲಲ್ಲ. ಅವನ ಕೈ ನಡುಗುತ್ತೆ, ಗುರಿ ತಪ್ಪುತ್ತೆ, ಅವಸರಕ್ಕೆ ತಪ್ಪು ದಾರಿ ಹಿಡೀತಾನೆ. ಈ ಬಾರ್ ಅಳೆಯೋದು ನಮ್ಮ ತಾಳ್ಮೆಯನ್ನ ಅಷ್ಟೆ.

ನನ್ನ ವಾದ ಸರಳ. ಸ್ಟ್ಯಾಮಿನಾ ಆಟಗಾರನ ಮುಂದೆ ಒಂದು ಪ್ರಶ್ನೆ ಇಡಬೇಕು. ಇಡದಿದ್ದರೆ ಅದೊಂದು ಟೋಲ್ ಗೇಟ್.

2017ರ ‘ಬ್ರೆತ್ ಆಫ್ ದ ವೈಲ್ಡ್’ ನೋಡಿ. ಬಂಡೆ ಹತ್ತುವಾಗ ಹಸಿರು ಚಕ್ರ ಕರಗುತ್ತಾ ಹೋಗುತ್ತೆ, ಖಾಲಿಯಾದರೆ ಕೆಳಗೆ ಬೀಳ್ತೀವಿ. ಹಾಗಾಗಿ ಹತ್ತುವ ಮೊದಲೇ ಬಂಡೆಯನ್ನ ಓದ್ತೀವಿ: ಕಾಲೂರಿ ಸುಧಾರಿಸಿಕೊಳ್ಳೋಕೆ ಜಾಗ ಎಲ್ಲಿದೆ, ನಡುವೆ ಮಳೆ ಬಂದು ಜಾರಿದರೆ ಗತಿಯೇನು? ನಾಲ್ಕು ಸ್ಪಿರಿಟ್ ಆರ್ಬ್ ಕೊಟ್ಟರೆ ಒಂದು ಹೃದಯ ಅಥವಾ ಒಂದಿಷ್ಟು ಸ್ಟ್ಯಾಮಿನಾ. ಪೆಟ್ಟು ತಾಳೋನಾಗಬೇಕಾ, ದೂರ ಹೋಗೋನಾಗಬೇಕಾ? ಆಯ್ಕೆ ನಮ್ಮದು.

2021ರ ‘ವಾಲ್‌ಹೈಮ್’ ಇನ್ನೂ ಜಾಣ. ಅಲ್ಲಿ ಹಸಿವಿನಿಂದ ಯಾರೂ ಸಾಯಲ್ಲ. ಆದರೆ ನಿಮ್ಮ ಆರೋಗ್ಯ, ಸ್ಟ್ಯಾಮಿನಾ ಎರಡರ ಮಿತಿಯೂ ತಿಂದ ಊಟದ ಮೇಲೆ ನಿಂತಿದೆ. ಒಮ್ಮೆಗೆ ಮೂರು ಬಗೆ ತಿನ್ನಬಹುದು. ಒದ್ದೆಯಾದರೆ ದಣಿವು ಬೇಗ ಆರಲ್ಲ, ಬೆಂಕಿ ಪಕ್ಕ ವಿಶ್ರಾಂತಿ ತಗೊಂಡರೆ ಬೇಗ ಆರುತ್ತೆ. ಅಡುಗೆಮನೆ, ಸೂರು, ಯುದ್ಧ ಎಲ್ಲ ಒಂದೇ ಲೆಕ್ಕಕ್ಕೆ ಬಂದವು ನೋಡಿ!

‘ಡಾರ್ಕ್ ಸೋಲ್ಸ್’ ಮಾಡಿದ ಫ್ರಂಸಾಫ್ಟ್‌ವೇರ್‌ನವರು ಕರುಣೆಗೆ ಹೆಸರಾದವರಲ್ಲ. ಅವರೂ 2022ರ ‘ಎಲ್ಡನ್ ರಿಂಗ್’ನಲ್ಲಿ ಕಾಳಗವಿಲ್ಲದಾಗ ಓಡಿದರೆ ಸ್ಟ್ಯಾಮಿನಾ ಕಳೆಯೋದನ್ನ ಬಿಟ್ಟರು. ಖಾಲಿ ಬಯಲಲ್ಲಿ ಪ್ರಶ್ನೆಯೇ ಇಲ್ಲದಿರುವಾಗ ದಂಡ ಯಾಕೆ?

ಗುಣಾಂಶಗಳ ಕಥೆಯೂ ಇದೇ. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆರು ಗುಣ ಕೊಟ್ಟಿತು: ಬಲ, ಬುದ್ಧಿ, ವಿವೇಕ, ಮೈಕಟ್ಟು, ಚುರುಕು, ವರ್ಚಸ್ಸು. ಅಲ್ಲಿಂದ ಎಲ್ಲರೂ ಪಟ್ಟಿ ಕಾಪಿ ಹೊಡೆದರು. ಬಲ 14 ಇದ್ದದ್ದು 15 ಆಯ್ತು, ಸರಿ, ನನ್ನ ಬದುಕಿನಲ್ಲಿ ಬದಲಾದದ್ದೇನು? ‘ಪ್ರಾಜೆಕ್ಟ್ ಜಾಂಬಾಯ್ಡ್’ನಲ್ಲಿ ‘ಕಿವಿ ಮಂದ’ ಅನ್ನೋ ದೋಷ ಆರಿಸಿಕೊಂಡರೆ ಬೇರೆ ಗುಣಕ್ಕೆ ಪಾಯಿಂಟ್ ಸಿಗುತ್ತೆ, ಆದರೆ ಬೆನ್ನ ಹಿಂದೆ ಬಂದ ಜಾಂಬಿಯ ಸದ್ದು ಸರಿಯಾಗಿ ಕೇಳಲ್ಲ. ಆಮೇಲೆ ಪ್ರತಿ ಬಾಗಿಲನ್ನೂ ಎರಡು ಸಲ ತಿರುಗಿ ನೋಡ್ತೀವಿ. ಗುಣಾಂಶ ಅಂದರೆ ಇದು.

ಕ್ಯಾಂಡಿ ಕ್ರಶ್‌ನವರು ಕಾಯಿಸೋದನ್ನೇ ವ್ಯಾಪಾರ ಮಾಡಿಕೊಂಡರು: ಐದು ಜೀವ, ಮುಗಿದರೆ ಒಂದೊಂದಕ್ಕೂ 30 ನಿಮಿಷ, ಕಾಯಲಾಗದಿದ್ದರೆ ದುಡ್ಡು ಬಿಚ್ಚು. ಲಾಭವಾದರೂ ಇದೆ. ಆದರೆ ಪೂರ್ತಿ ಬೆಲೆ ಮೊದಲೇ ಎಣಿಸಿಕೊಂಡ ನೀವು ಯಾವ ಲಾಭಕ್ಕೆ ಕಾಯಿಸ್ತೀರಿ?

ನಮಗೆ ಸಿಗೋದು ದಿನಕ್ಕೆ ಒಂದು ಗಂಟೆ. ಹೀರೋ ಸುಸ್ತಾಗಲಿ, ಬೀಳಲಿ, ಸಾಯಲಿ, ಬೇಜಾರಿಲ್ಲ. ಆದರೆ ಅದು ನಾನು ಮಾಡಿದ ತಪ್ಪಿಗೆ ಆಗಲಿ. ಸುಮ್ಮನೆ ನಿಂತು ಕಾಯೋದಕ್ಕೆ ಸಿಗ್ನಲ್‌ಗಳಿವೆ ಗುರು.